ಡಿಎನ್‌ಎ ಪರೀಕ್ಷೆಯಲ್ಲಿ ಸಿಕ್ಕ ಬಿಳಿಯ ಅಣ್ಣನಿಗೆ ಮೊದಲ ಪತ್ರ ಹೇಗೆ ಬರೆಯಲಿ?

ಬರೆಯಬೇಡಿ, ಏಕೆಂದರೆ ಅವರು ನಿಮ್ಮ ಅಣ್ಣನೆಂಬುದೇ ಇನ್ನೂ ಖಚಿತವಾಗಿಲ್ಲ. ಕಪ್ಪು ಮೈಬಣ್ಣದ ಕುಟುಂಬದಲ್ಲಿ ಬೆಳೆದವರಿಗೆ ಅರ್ಧದಷ್ಟು ಯುರೋಪಿನ ಮೂಲ, ಜೊತೆಗೆ ಶೇ. 25ರಷ್ಟು ಡಿಎನ್‌ಎ ಹೊಂದಿಕೆಯಾಗುವ ಅಪರಿಚಿತ ಬಿಳಿಯರೊಬ್ಬರು: ನನ್ನ ಫಲಿತಾಂಶವೂ ಹೀಗೆಯೇ ಇತ್ತು.

ಮನೆಯವರೆಲ್ಲರಿಗಿಂತ ನಾನು ತುಸು ಬೆಳ್ಳಗಿದ್ದುದಕ್ಕೆ ಮುತ್ತಜ್ಜಿಯೊಬ್ಬರನ್ನು ಕಾರಣವಾಗಿ ತೋರಿಸಲಾಗುತ್ತಿತ್ತು. ಮೈಬಣ್ಣವನ್ನು ಹಲವು ಜೀನ್‌ಗಳು ಸೇರಿ ನಿರ್ಧರಿಸುವುದರಿಂದ ಆ ಮಾತನ್ನು ಅನುಮಾನಿಸುವ ಅಗತ್ಯವೂ ಬಿದ್ದಿರಲಿಲ್ಲ. ಫಲಿತಾಂಶ ಬಂದ ರಾತ್ರಿಯೇ ಆ ಮಹನೀಯರಿಗೆ ‘ಪ್ರೀತಿಯ ಅಣ್ಣ, ನಿಮ್ಮ ತಂದೆಯೇ ನನ್ನ ತಂದೆ’ ಎಂದು ಬರೆದೆ. ಅವರು ಅದನ್ನು ಎಂಬತ್ತು ದಾಟಿದ ತಮ್ಮ ತಂದೆಯ ಮುಂದೆ, ತಾಯಿಯ ಸಮಕ್ಷಮದಲ್ಲಿಯೇ ಗಟ್ಟಿಯಾಗಿ ಓದಿದರು. ನನ್ನ ತಾಯಿಯನ್ನು ಕಣ್ಣಿನಿಂದಲೂ ಕಂಡಿರದ ಆ ವೃದ್ಧರು ತಮ್ಮ ಹಳೆಯ ಪ್ರವಾಸಗಳಿಗೆಲ್ಲ ಹೆಂಡತಿಗೆ ಲೆಕ್ಕ ಕೊಡಬೇಕಾಯಿತು.

ನಾನು ಎಡವಿದ್ದು ಶೇ. 25ನ್ನು ಓದಿದ ರೀತಿಯಲ್ಲಿ. ಹೆತ್ತವರೊಂದಿಗೆ ನಮ್ಮ ಡಿಎನ್‌ಎಯ ಅರ್ಧ ಹೊಂದುತ್ತದೆ. ಆದರೆ ಕಾಲುಭಾಗ ಹೊಂದಿದರೆ ಆ ವ್ಯಕ್ತಿ ತಂದೆ ಒಬ್ಬರೇ ಆಗಿ ತಾಯಿ ಬೇರೆಯಾದ ಅಣ್ಣನೂ ಆಗಿರಬಹುದು, ತಂದೆಯ ಒಡಹುಟ್ಟಿದವರೂ ಆಗಿರಬಹುದು, ಅಜ್ಜನೇ ಆಗಿದ್ದರೂ ಆಶ್ಚರ್ಯವಿಲ್ಲ. ‘ನಿಕಟ ಸಂಬಂಧಿ’ ಎಂದಷ್ಟೇ ವರದಿ ಹೇಳಿತ್ತು, ಉಳಿದ ಕಥೆಯನ್ನು ನಾನೇ ಹೆಣೆದೆ. ಆ ‘ಅಣ್ಣ’ ನನ್ನ ತಾಯಿಗಿಂತ ಹಿರಿಯರೆಂಬುದು ಅವರ ಚಿತ್ರದಲ್ಲೇ ಕಾಣುತ್ತಿತ್ತಾದರೂ ನಾನು ವಯಸ್ಸನ್ನು ವಿಚಾರಿಸಲಿಲ್ಲ. ಅವರು ನನ್ನ ದೊಡ್ಡಪ್ಪ. ವಿದ್ಯಾರ್ಥಿಯಾಗಿದ್ದಾಗ ವೀರ್ಯದಾನ ಮಾಡಿದ್ದು ಅವರ ತಮ್ಮ. ನನ್ನ ಹೆತ್ತವರು ತಮ್ಮದೇ ಬಣ್ಣದ ದಾನಿಯನ್ನು ಕೇಳಿದ್ದರೂ ಚಿಕಿತ್ಸಾಲಯದಲ್ಲಿ ಮಾದರಿ ಅದಲುಬದಲಾಗಿತ್ತು. “ಲೋಕವನ್ನೆಲ್ಲ ಕೇಳಿದೆ, ನನ್ನನ್ನೊಬ್ಬಳನ್ನು ಬಿಟ್ಟು,” ಎಂದರು ಅಮ್ಮ. ನಿರಪರಾಧಿಯಾದ ಆ ಅಜ್ಜ ಇಂದಿಗೂ ನನ್ನ ಕರೆಗಳನ್ನು ಸ್ವೀಕರಿಸುವುದಿಲ್ಲ.

ಆದ್ದರಿಂದ ಮೊದಲು ತಾಯಿಯನ್ನು ಕೇಳಿ. ಸ್ವೀಡನ್ 1985ರಲ್ಲಿ, ಬ್ರಿಟನ್ 2005ರಲ್ಲಿ ದಾನಿಗಳ ಅನಾಮಧೇಯತೆಯನ್ನು ಕೊನೆಗೊಳಿಸಿದವು. ಅದಕ್ಕೂ ಮುನ್ನ ಹುಟ್ಟಿದವರಿಗೆ ದಾಖಲೆಗಳಿಗಿಂತ ತಾಯಿಯ ನೆನಪೇ ಹೆಚ್ಚು ಉಪಯುಕ್ತ. ಅನಂತರ ಆ ವ್ಯಕ್ತಿಗೆ ಯಾವ ಸಂಬಂಧವನ್ನೂ ಹೆಸರಿಸದೆ, ವಯಸ್ಸೆಷ್ಟು, ಒಡಹುಟ್ಟಿದವರಿದ್ದಾರೆಯೇ ಎಂದಷ್ಟೇ ಕೇಳಿ ಬರೆಯಿರಿ.

ಬೆಳೆಸಿದ ಅಪ್ಪ ಇನ್ನು ಅಪ್ಪನಲ್ಲವೇ ಎಂದೂ ಕೇಳಿದ್ದೀರಿ. ಆ ಚಿಂತೆ ಅನಾವಶ್ಯಕ. ನನ್ನ ಅಪ್ಪ ದಾನಿಯ ಬಕ್ಕತಲೆಯ ಚಿತ್ರವನ್ನು ದಿಟ್ಟಿಸಿ, ನನ್ನ ತಲೆಯನ್ನೊಮ್ಮೆ ನೋಡಿ, “ಇದರ ಆಪಾದನೆಯಾದರೂ ನನ್ನ ಮೇಲೆ ಬರುವುದಿಲ್ಲ,” ಎಂದು ನಿರಾಳರಾದರು.