ಸರ್ಕಾರ ಆರೋಗ್ಯಕ್ಕೆ ಹೆಚ್ಚು ಖರ್ಚು ಮಾಡಿದರೆ ಜನರ ಆರೋಗ್ಯ ತಾನಾಗಿಯೇ ಸುಧಾರಿಸುತ್ತದೆಯೇ?

ತಾನಾಗಿ ಸುಧಾರಿಸುವುದಿಲ್ಲ. ಹಣ ಬೇಕು, ಅದರಲ್ಲಿ ಎರಡು ಮಾತಿಲ್ಲ. 2025ರ ಹೊತ್ತಿಗೆ ಸಾರ್ವಜನಿಕ ವೆಚ್ಚ ಜಿಡಿಪಿಯ ಶೇ 2.5 ಮುಟ್ಟಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿತ್ತು, ಮುಟ್ಟಲಿಲ್ಲ. ಆದರೆ ಹಲವು ದೇಶಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಕಂಡದ್ದು: ಭ್ರಷ್ಟಾಚಾರ ಕಡಿಮೆಯಿದ್ದ ಕಡೆ ವೆಚ್ಚ ಏರಿದಂತೆ ಮಕ್ಕಳ ಸಾವು ತಗ್ಗುತ್ತದೆ, ಆಡಳಿತ ಹದಗೆಟ್ಟ ಕಡೆ ಪರಿಣಾಮ ಅಷ್ಟಕ್ಕಷ್ಟೆ.

ಸಂಬಳದ ಬಾಬತ್ತನ್ನೇ ನೋಡಿ. 2002–03ರಲ್ಲಿ ಸಮೀಕ್ಷಕರು ಮುನ್ಸೂಚನೆಯಿಲ್ಲದೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋದಾಗ ಭಾರತದಲ್ಲಿ ಸುಮಾರು ಶೇ 40ರಷ್ಟು ಸಿಬ್ಬಂದಿ ಇರಲಿಲ್ಲ. ಕಡತದಲ್ಲಿ ಮಾತ್ರ ಖರ್ಚು ಸರಿಯಾಗಿಯೇ ಬಿದ್ದಿರುತ್ತದೆ! ಹಾಗಂತ ಹಾಜರಿ ಯಂತ್ರ ಇಟ್ಟರೆ ಸಾಕೇ? ರಾಜಸ್ಥಾನದ ಉದಯಪುರದಲ್ಲಿ ನರ್ಸ್‌ಗಳ ಹಾಜರಿಗೆ ದಿನಾಂಕ, ಸಮಯ ಒತ್ತುವ ಯಂತ್ರ ಕೊಟ್ಟರು. ಮೊದಮೊದಲು ಹಾಜರಿ ಏರಿತು. ಆಮೇಲೆ ಮೇಲಿನವರೇ ಹಾಜರಿ ಒತ್ತಬೇಕಿಲ್ಲದ ‘ವಿನಾಯಿತಿ ದಿನ’ಗಳನ್ನು ಧಾರಾಳವಾಗಿ ಮಂಜೂರು ಮಾಡತೊಡಗಿದರು; ಒಂದೂವರೆ ವರ್ಷದೊಳಗೆ ಎಲ್ಲ ಮೊದಲಿನಂತೆಯೇ.

ಇದಕ್ಕೆ ಪ್ರತಿಯಾಗಿ ತಮಿಳುನಾಡನ್ನು ಗಮನಿಸಿ. 1994ರಲ್ಲಿ ಶುರುವಾದ ಅಲ್ಲಿನ ವೈದ್ಯಕೀಯ ಸೇವೆಗಳ ನಿಗಮ ಇಡೀ ರಾಜ್ಯದ ಸರ್ಕಾರಿ ಆಸ್ಪತ್ರೆಗಳ ಔಷಧವನ್ನು ಒಟ್ಟಿಗೆ ಟೆಂಡರ್ ಕರೆದು ಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಮಾದರಿ ಪಾಸಾಗದೆ ಸರಕು ಗೋದಾಮಿನಿಂದ ಹೊರಬೀಳುವುದಿಲ್ಲ. ಆಸ್ಪತ್ರೆಗೊಂದು ಪಾಸ್‌ಬುಕ್: ತೆಗೆದುಕೊಂಡ ಔಷಧದ ಬೆಲೆ ಆ ಆಸ್ಪತ್ರೆಗೆ ಮೀಸಲಿಟ್ಟ ವಾರ್ಷಿಕ ಮೊತ್ತದಲ್ಲಿ ಕಡಿತವಾಗುತ್ತದೆ. ಹಾಗಾಗಿ ಯಾವ ಮಾತ್ರೆ ಎಷ್ಟು ಬೇಕೆಂಬುದನ್ನು ರಾಜಧಾನಿಯ ಊಹೆಗಿಂತ ಅಲ್ಲಿಗೆ ಬರುವ ರೋಗಿಗಳೇ ಹೆಚ್ಚು ನಿರ್ಧರಿಸುತ್ತಾರೆ.