ಆ ತಾಯಿಯ ಮೇಲೆ ತಪ್ಪು ಹೊರಿಸಬೇಡಿ

ಓದುಗರ ಪತ್ರ: "ಮಕ್ಕಳ ಮಿದುಳು ಗಡ್ಡೆಯ ಜೀವಕೋಶಗಳು ಹೊರಬಿಡುವ ಕಿರುಚೀಲಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ನನ್ನ ತಂಗಿಯ ಮಗನಿಗೆ ಒಂಬತ್ತು ವರ್ಷ. ಕಿರುಮಿದುಳಿನಲ್ಲಿ ಮೆಡುಲ್ಲೊಬ್ಲಾಸ್ಟೋಮ ಎಂಬ ಗಡ್ಡೆ. ಶಸ್ತ್ರಚಿಕಿತ್ಸೆ, ವಿಕಿರಣ, ಕೀಮೋ ಎಲ್ಲ ಮುಗಿದು ಒಂದೂವರೆ ವರ್ಷಕ್ಕೆ ಮತ್ತೆ ಬಂದಿದೆ. ಬೆಳಗಿನ ವಾಂತಿಯನ್ನು ತಂಗಿ ಪಿತ್ತವೆಂದುಕೊಂಡು ಎರಡು ತಿಂಗಳು ಕಳೆದಿದ್ದಳು. ತಾಯಿಯ ಅಜಾಗರೂಕತೆಯಿಂದಲೇ ಹೀಗಾಯಿತೆಂದು ಮನೆಯವರೆಲ್ಲ ಹೇಳುತ್ತಾರೆ, ನನ್ನ ಅಭಿಪ್ರಾಯವೂ ಅದೇ. ಈ ಕಿರುಚೀಲಗಳ ವಿಷಯ ತಿಳಿದು ನಮ್ಮಂಥವರಿಗೆ ಆಗಬೇಕಾದದ್ದೇನು? ಗಡ್ಡೆಯ ತುಣುಕನ್ನೂ ಬೆನ್ನಿನಿಂದ ತೆಗೆದ ನೀರನ್ನೂ ಸಂಶೋಧನೆಗೆ ಇಟ್ಟುಕೊಳ್ಳುತ್ತೇವೆ, ಸಹಿ ಹಾಕಿ ಎಂದು ಆಸ್ಪತ್ರೆಯವರು ಕೇಳುತ್ತಿದ್ದಾರೆ. ಹಾಕಬೇಕೇ?"
(ಹೆಸರು ಬೇಡವೆಂದ ಓದುಗರು, ದಾವಣಗೆರೆ ಜಿಲ್ಲೆ)

ಮಾನ್ಯರೇ,

ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರಿಸುತ್ತೇನೆ. ಅದಕ್ಕೂ ಮುಂಚೆ, "ನನ್ನ ಅಭಿಪ್ರಾಯವೂ ಅದೇ" ಎಂಬ ನಿಮ್ಮ ಮಾತನ್ನು ಸುಮ್ಮನೆ ದಾಟಿಹೋಗಲು ನನ್ನಿಂದಾಗದು. ಮಗುವಿನ ಸೋದರಮಾವ ನೀವು. ತಂಗಿಯ ಪರವಾಗಿ ನಿಲ್ಲಬೇಕಾದವರೇ ಎದುರಾಳಿಯ ಸಾಲಿನಲ್ಲಿ ಕುಳಿತಿದ್ದೀರಿ.

ಬೇಗ ತೋರಿಸುವುದು ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಬೆಳಗ್ಗೆ ಎದ್ದೊಡನೆ ತಲೆನೋವು, ವಾಂತಿ, ನಡೆಯುವಾಗ ತೂರಾಟ, ಇದ್ದಕ್ಕಿದ್ದಂತೆ ಕಾಣಿಸಿಕೊಂಡ ಮೆಳ್ಳೆಗಣ್ಣು: ಇವು ಕಂಡರೆ ಮಗುವನ್ನು ವೈದ್ಯರ ಬಳಿ ಕರೆದೊಯ್ಯಬೇಕು. ಬ್ರಿಟನ್ನಿನಲ್ಲಿ 2011ರಲ್ಲಿ ಆರಂಭವಾದ ಹೆಡ್‌ಸ್ಮಾರ್ಟ್ ಅಭಿಯಾನ ಇದನ್ನೇ ಮನೆಮನೆಗೆ ತಿಳಿಸಿತು. ತಲೆಯಲ್ಲಿ ನೀರು ತುಂಬಿ ಒತ್ತಡ ಏರುವುದಕ್ಕೆ ಮೊದಲೇ ಕಂಡುಹಿಡಿದರೆ ದೃಷ್ಟಿ ಉಳಿಯುತ್ತದೆ, ಕೆಲವೊಮ್ಮೆ ಪ್ರಾಣವೂ ಉಳಿಯುತ್ತದೆ. ಇಷ್ಟನ್ನು ಒಪ್ಪುತ್ತೇನೆ.

ಆದರೆ ಗಡ್ಡೆ ಮರಳಿ ಬಂದದ್ದು ಆ ಎರಡು ತಿಂಗಳಿಂದಲೇ ಎಂದು ನಿಮಗೆ ಹೇಳಿದವರು ಯಾರು? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾಲ್ಪರಿನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ರೋಗ ಹೆಚ್ಚು ಹರಡಿದ್ದ ಮಕ್ಕಳಲ್ಲಿ ಲಕ್ಷಣ ಕಂಡಂದಿನಿಂದ ರೋಗ ಗೊತ್ತಾಗುವವರೆಗಿನ ಅವಧಿ ಹೆಚ್ಚಿತ್ತೇ ಎಂದು ನೋಡಿದರೆ, ಕಂಡದ್ದು ತಿರುಗುಮುರುಗು. ಹೆಚ್ಚು ಹರಡಿದವರಲ್ಲೇ ಆ ಅವಧಿ ಕಡಿಮೆಯಿತ್ತು. ಉಗ್ರವಾದ ಗಡ್ಡೆ ಬೇಗ ಬೆಳೆಯುತ್ತದೆ, ಬೇಗ ಬಯಲಾಗುತ್ತದೆ, ಬೇಗ ಹರಡುತ್ತದೆ. ಸಾಧುವಾದದ್ದು ತಿಂಗಳುಗಟ್ಟಲೆ ಸುಳಿವು ಕೊಡದೆ ಕುಳಿತಿರುತ್ತದೆ. ಹತ್ತು ವರ್ಷಗಳ ಮೇಲೆ ಫ್ರಾನ್ಸಿನಲ್ಲಿ ಕೂಡ ಇದೇ ದಿಕ್ಕಿನ ಫಲಿತಾಂಶ ಬಂತು.

ಇದರ ಕಾರಣ ಗಡ್ಡೆಯ ಒಳಗಿದೆ. ಮೆಡುಲ್ಲೊಬ್ಲಾಸ್ಟೋಮವನ್ನು ಅಮೆರಿಕದ ವೈದ್ಯರಾದ ಕುಶಿಂಗ್ ಮತ್ತು ಬೇಲಿ 1925ರಲ್ಲಿ ವಿವರಿಸಿದಾಗ ಅದು ಒಂದೇ ರೋಗವಾಗಿತ್ತು. 2012ರ ಹೊತ್ತಿಗೆ ಕನಿಷ್ಠ ನಾಲ್ಕು ಬಗೆಯೆಂದು ತಜ್ಞರು ಒಪ್ಪಿದರು. ಡಬ್ಲ್ಯುಎನ್‌ಟಿ ಎಂಬ ಬಗೆಯ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಬದುಕುತ್ತಾರೆ. ಮೂರನೇ ಗುಂಪು ಎಂಬ ಇನ್ನೊಂದು ಬಗೆಯಲ್ಲಿ ಎಂವೈಸಿ ಎಂಬ ಜೀನು ಹಲವು ಪ್ರತಿಗಳಾಗಿ ಹೆಚ್ಚಿದ್ದರೆ ಅರ್ಧದಷ್ಟು ಮಕ್ಕಳೂ ಉಳಿಯುವುದಿಲ್ಲ. ಅದೇ ಶಸ್ತ್ರಚಿಕಿತ್ಸೆ, ಅದೇ ವಿಕಿರಣ, ಅದೇ ಔಷಧ. ತಾಯಿ ಯಾವ ವಾರ ಆಸ್ಪತ್ರೆಗೆ ಬಂದಳೆಂಬುದರಿಂದ ಈ ಅಂತರ ಹುಟ್ಟಿದ್ದಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಕಿರುಚೀಲಗಳ ವಿಷಯ ತಿಳಿದು ಆಗುವುದೇನು?

1983ರಲ್ಲಿ ಕೆನಡಾದ ಮಾಂಟ್ರಿಯಲ್‌ನ ವಿಜ್ಞಾನಿ ರೋಸ್ ಜಾನ್‌ಸ್ಟೋನ್ ಕುರಿಯ ಎಳೆಯ ಕೆಂಪು ರಕ್ತಕಣಗಳನ್ನು ನೋಡುತ್ತಿದ್ದರು. ಕಣ ಬಲಿಯುತ್ತಿದ್ದಂತೆ ತನಗೆ ಬೇಡವಾದ ಪ್ರೋಟೀನನ್ನು ಪುಟ್ಟ ಚೀಲಗಳಲ್ಲಿ ತುಂಬಿ ಹೊರಗೆ ಬಿಡುತ್ತಿತ್ತು. ಇವೇ ಎಕ್ಸೋಸೋಮ್‌ಗಳು. ಕೋಶದ ಕಸವೆಂದು ಬಹುಕಾಲ ಎಲ್ಲರೂ ನಂಬಿದ್ದರು. 2007ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ವಲಾದಿ, ಲೋಟ್ವಾಲ್ ತಂಡ ಈ ಚೀಲಗಳೊಳಗೆ ಜೀನಿನ ಸಂದೇಶ ಒಯ್ಯುವ ಆರ್‌ಎನ್‌ಎ ಇರುವುದನ್ನೂ, ಅದು ಇನ್ನೊಂದು ಕೋಶಕ್ಕೆ ಹೋಗಿ ಕೆಲಸ ಮಾಡುವುದನ್ನೂ ತೋರಿಸಿತು. ಮರುವರ್ಷ ಬಾಸ್ಟನ್ನಿನಲ್ಲಿ ಮಿದುಳು ಗಡ್ಡೆಯ ರೋಗಿಗಳ ರಕ್ತದಲ್ಲಿ ಗಡ್ಡೆಯದೇ ಗುರುತು ಹೊತ್ತ ಚೀಲಗಳು ಸಿಕ್ಕವು. ಒಂದೊಂದರ ಅಗಲ ಸುಮಾರು 30ರಿಂದ 150 ನ್ಯಾನೊಮೀಟರ್, ತಲೆಗೂದಲಿನ ದಪ್ಪದ ನೂರಾರು ಪಾಲಿನಲ್ಲಿ ಒಂದು ಪಾಲಿಗೂ ಕಡಿಮೆ.

ಔಷಧಕ್ಕೆ ಗಡ್ಡೆ ಬಗ್ಗದಿರುವುದರಲ್ಲಿ ಇವುಗಳ ಕೈವಾಡ ಹಲವು ಬಗೆಯದು. ನಿಮ್ಮ ಸೋದರಳಿಯನಿಗೆ ಸಿಸ್‌ಪ್ಲಾಟಿನ್ ಕೊಟ್ಟಿರಬೇಕು, ಈ ರೋಗದಲ್ಲಿ ಸಾಮಾನ್ಯವಾಗಿ ಕೊಡುವ ಔಷಧ ಅದು. ಅದಕ್ಕೆ ಜಗ್ಗದ ಅಂಡಾಶಯ ಕ್ಯಾನ್ಸರ್ ಕೋಶಗಳು ಆ ಔಷಧವನ್ನೇ ಚೀಲದಲ್ಲಿ ಕಟ್ಟಿ ಆಚೆಗೆ ಎಸೆಯುವುದನ್ನು 2005ರಲ್ಲೇ ಕಂಡಿದ್ದಾರೆ. 2009ರಲ್ಲಿ ಸಿಡ್ನಿಯ ಬೆಬಾವಿ ತಂಡ ರಕ್ತಕ್ಯಾನ್ಸರ್ ಕೋಶಗಳಲ್ಲಿ ಇನ್ನೂ ಬೆರಗಿನ ಸಂಗತಿ ತೋರಿಸಿತು. ಔಷಧವನ್ನು ಹೊರದಬ್ಬುವ ಪಂಪಿನಂಥ ಪ್ರೋಟೀನನ್ನು ಜಗ್ಗದ ಕೋಶ ಚೀಲದಲ್ಲಿ ಕಳಿಸುತ್ತದೆ, ಅದನ್ನು ಪಡೆದ, ಅದುವರೆಗೆ ಔಷಧಕ್ಕೆ ಬಗ್ಗುತ್ತಿದ್ದ ಕೋಶವೂ ಜಗ್ಗದಂತಾಗುತ್ತದೆ. ವಿಕಿರಣ ತಾಗಿದ ಮಿದುಳು ಗಡ್ಡೆಯ ಕೋಶಗಳು ಹೆಚ್ಚು ಚೀಲಗಳನ್ನು ಬಿಡುತ್ತವೆ, ಅವು ತಾಗಿದ ಕೋಶಗಳು ಹೆಚ್ಚು ಚುರುಕಾಗಿ ಚಲಿಸುತ್ತವೆ. ಕಿರುಮಿದುಳಿನ ಗಡ್ಡೆ ಕೂತಿರುವುದೋ ಮಿದುಳಿನೊಳಗೆ ದ್ರವ ತುಂಬಿದ ನಾಲ್ಕನೇ ಕುಹರದ ಅಂಚಿನಲ್ಲಿ. ಅಲ್ಲಿಂದ ಮಿದುಳುದ್ರವ, ಅಂದರೆ ನೀವು ಬರೆದ ಬೆನ್ನಿನ ನೀರು, ಬೆನ್ನುಹುರಿಯ ಉದ್ದಕ್ಕೂ ಇಳಿಯುತ್ತದೆ. ಚೀಲಕ್ಕೂ ಕೋಶಕ್ಕೂ ಅದೇ ದಾರಿ.

ಇವುಗಳಲ್ಲಿ ಬಹುಪಾಲು ಪ್ರಯೋಗಾಲಯದ ತಟ್ಟೆಯಲ್ಲಿ, ಇಲಿಗಳಲ್ಲಿ, ದೊಡ್ಡವರ ಗಡ್ಡೆಗಳಲ್ಲಿ ಕಂಡದ್ದು. ಮಕ್ಕಳ ಗಡ್ಡೆಗಳಲ್ಲಿ ಆದ ಕೆಲಸ ಕಡಿಮೆ. ಇದು ನನ್ನನ್ನು ಬಹುಕಾಲದಿಂದ ಕೆರಳಿಸುತ್ತಿರುವ ಸಂಗತಿ. ದೊಡ್ಡವರಿಗೆಂದು ಕಂಡುಹಿಡಿದದ್ದನ್ನು ತೂಕ ನೋಡಿ ಕಡಿಮೆ ಮಾಡಿ ಮಕ್ಕಳಿಗೆ ಕೊಡುವ ಪದ್ಧತಿ ಇನ್ನೂ ನಿಂತಿಲ್ಲ. ಮಗುವಿನ ಗಡ್ಡೆ ಬೆಳೆಯುತ್ತಿರುವ ಮಿದುಳಿನಲ್ಲಿ ಹುಟ್ಟಿದ್ದು, ಅದರ ಸ್ವಭಾವವೇ ಬೇರೆ. ರೋಗಿಗಳ ಸಂಖ್ಯೆ ಕಡಿಮೆ, ಲಾಭವೂ ಕಡಿಮೆ, ಹಾಗಾಗಿ ಹಣ ಹೂಡುವವರೂ ಕಡಿಮೆ. ಅದೇ ಎಕ್ಸೋಸೋಮ್ ಹೆಸರಿನಲ್ಲಿ ಕೂದಲು ಬೆಳೆಸುವ, ಮುಖ ಹೊಳೆಯಿಸುವ ಸೀರಮ್ಮುಗಳ ಜಾಹೀರಾತು ನಮ್ಮ ನಗರಗಳಲ್ಲಿ ರಾರಾಜಿಸುತ್ತಿದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಇಂಥ ಚಿಕಿತ್ಸೆ ಪಡೆದವರಿಗೆ ತೀವ್ರ ತೊಂದರೆಯಾದ ಮೇಲೆ, ಅನುಮತಿ ಪಡೆದ ಎಕ್ಸೋಸೋಮ್ ಉತ್ಪನ್ನ ಒಂದೂ ಇಲ್ಲವೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರ್‌ನಲ್ಲೇ ಎಚ್ಚರಿಸಿತ್ತು. ಹಣ ಎತ್ತ ಹರಿಯುತ್ತದೆ ನೋಡಿ.

ಮತ್ತೆ ನಿಮ್ಮ ತಂಗಿಯ ವಿಷಯ. ಇಂಥದೇ ರೋಗವಿದ್ದ ಹುಡುಗನ ತಾಯಿಯೊಬ್ಬರನ್ನು ನಾನು ಬಲ್ಲೆ. ಅವರ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಏಕಾದಶಿ ಸಂಕಷ್ಟಿಗಳ ಪಕ್ಕದಲ್ಲಿ, ಮಗ ವಾಂತಿ ಮಾಡಿಕೊಂಡ ದಿನಗಳಿಗೆಲ್ಲ ಪೆನ್ಸಿಲಿನಿಂದ ಸಣ್ಣ ಗೀಟು ಹಾಕಿದ್ದರು. ವೈದ್ಯರಿಗೆ ತೋರಿಸಲು ಬರೆದದ್ದು. ಮೊದಲು ನೋಡಿದ ವೈದ್ಯರು ಜಂತುಹುಳದ ಔಷಧ ಕೊಟ್ಟರು, ಎರಡನೆಯವರು ಕನ್ನಡಕ ಬರೆದರು. ವರ್ಷ ಮುಗಿದರೂ ಆ ಹಾಳೆಗಳನ್ನು ಹರಿಯದೆ ಬೀರುವಿನಲ್ಲಿ ಇಟ್ಟಿದ್ದರು. ಏಕೆಂದು ಕೇಳಿದಾಗ ಹೇಳಿದರು: "ನಾನು ನೋಡಲಿಲ್ಲ ಅಂತ ನಾಳೆ ಯಾರೂ ಅನ್ನಬಾರದು." ಮಗುವಿನ ಆರೈಕೆಯ ನಡುವೆ ತನ್ನ ಮೇಲಿನ ಮೊಕದ್ದಮೆಗೆ ಸಾಕ್ಷಿಯನ್ನೂ ಕಾಪಿಡಬೇಕಾದ ಸ್ಥಿತಿಗೆ ಆಕೆಯನ್ನು ತಂದದ್ದು ಮನೆಯವರು, ನೆಂಟರು, "ಆಗಲೇ ತೋರಿಸಿದ್ದರೆ" ಎನ್ನುತ್ತ ಹಣ್ಣು ಹಿಡಿದು ಬಂದವರು. ಆ ಹುಡುಗನ ತಂದೆಯೂ ಅದೇ ಮನೆಯಲ್ಲಿದ್ದರು. ಅವರನ್ನು ಯಾರೂ ಕೇಳಲಿಲ್ಲ. ನಿಮ್ಮ ಪತ್ರದಲ್ಲೂ ಮಗುವಿನ ತಂದೆಯ ಪ್ರಸ್ತಾಪವಿಲ್ಲ, ಗಮನಿಸಿ. ಮಗು ಹುಷಾರಾದರೆ ದೇವರ ದಯೆ, ಆಗದಿದ್ದರೆ ತಾಯಿಯ ತಪ್ಪು ಎಂಬ ಲೆಕ್ಕ ನಮ್ಮಲ್ಲಿ ಇನ್ನೆಷ್ಟು ಕಾಲ ನಡೆಯಬೇಕು? ಕಿರುಚೀಲಗಳ ಲೇಖನವನ್ನು ನಾನು ಪುಟ ಬಿಡಿಸಿ ಹಾಕಿದ್ದು ಮುಖ್ಯವಾಗಿ ಇದಕ್ಕೇ. ಮರಳಿ ಬರುವ ಗಡ್ಡೆಗೆ ತನ್ನದೇ ಉಪಾಯಗಳಿವೆ, ಅವು ಯಾವ ತಾಯಿಯ ಎಚ್ಚರಕ್ಕೂ ಎಟುಕುವಂಥವಲ್ಲ.

ಇನ್ನು ಸಹಿಯ ಪ್ರಶ್ನೆ. ಅದರಿಂದ ನಿಮ್ಮ ಹುಡುಗನ ಚಿಕಿತ್ಸೆ ಬದಲಾಗುವ ಸಂಭವ ಕಡಿಮೆ. ಆದರೂ ನಾನಾಗಿದ್ದರೆ ಹಾಕುತ್ತಿದ್ದೆ. ನವಿ ಮುಂಬೈಯ ಆಕ್ಟ್ರೆಕ್ ಎಂಬ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಮೇಣದಲ್ಲಿ ಹುದುಗಿಸಿಟ್ಟಿದ್ದ ಗಡ್ಡೆಯ ತುಣುಕುಗಳಲ್ಲಿ ಕೆಲವು ಜೀನುಗಳ ಚಟುವಟಿಕೆಯನ್ನೂ ಮೈಕ್ರೋಆರ್‌ಎನ್‌ಎ ಎಂಬ ಪುಟ್ಟ ಆರ್‌ಎನ್‌ಎಗಳನ್ನೂ ಅಳೆದು, ನಾನು ಮೇಲೆ ಹೇಳಿದ ನಾಲ್ಕು ಬಗೆಗಳನ್ನು ಬೇರ್ಪಡಿಸುವ ಪರೀಕ್ಷೆಯನ್ನು 2013ರಲ್ಲಿ ಪ್ರಕಟಿಸಿದರು. ಹಿಂದೆ ಚಿಕಿತ್ಸೆ ಪಡೆದವರ ತುಣುಕುಗಳು ಉಳಿದಿದ್ದರಿಂದಲೇ ಅದು ಸಾಧ್ಯವಾಯಿತು. ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯವರು ಮಕ್ಕಳ ಮಿದುಳುದ್ರವದಲ್ಲಿ ತೇಲುವ ಗಡ್ಡೆಯ ಡಿಎನ್‌ಎಯನ್ನು ಹುಡುಕಿ, ಮರುಕಳಿಕೆಯನ್ನು ಹಲವರಲ್ಲಿ ಸ್ಕ್ಯಾನಿಗಿಂತ ತಿಂಗಳುಗಳ ಮೊದಲೇ ಕಂಡರು, ಅದು 2021ರಲ್ಲಿ ಪ್ರಕಟವಾಯಿತು. ಕಿರುಚೀಲಗಳನ್ನು ಹುಡುಕುವುದೂ ಅದೇ ನೀರಿನಲ್ಲೇ.

ಸಹಿ ಹಾಕುವ ಮುನ್ನ ಕೇಳಿಕೊಳ್ಳಿ: ಚಿಕಿತ್ಸೆಗೆಂದು ಹೇಗೂ ತೆಗೆಯುವ ನೀರಿನಲ್ಲೇ ಪಾಲು ತೆಗೆದುಕೊಳ್ಳುತ್ತಾರೆಯೇ, ಅಥವಾ ಇದಕ್ಕೆಂದೇ ಇನ್ನೊಮ್ಮೆ ಬೆನ್ನಿಗೆ ಸೂಜಿ ಚುಚ್ಚುತ್ತಾರೆಯೇ? ಇನ್ನೊಮ್ಮೆ ಎಂದರೆ ಬೇಡವೆನ್ನಿ. ಮಾದರಿ ಎಷ್ಟು ವರ್ಷ ಇರುತ್ತದೆ, ಯಾರ ಕೈಗೆ ಹೋಗಬಹುದು, ನಿಮ್ಮ ಮನಸ್ಸು ಬದಲಾದರೆ ಹಿಂದಕ್ಕೆ ಪಡೆಯುವುದು ಹೇಗೆ ಎಂಬುದನ್ನು ಹಾಳೆಯಲ್ಲಿ ತೋರಿಸಲು ಹೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಏಳರಿಂದ ಹನ್ನೆರಡು ವರ್ಷದ ಮಗುವಿನ ಸಮ್ಮತಿಯನ್ನೂ ಬಾಯಿಮಾತಿನಲ್ಲಿ ಕೇಳಬೇಕು, ಆದ್ದರಿಂದ ಹುಡುಗನಿಗೆ ಅರ್ಥವಾಗುವಂತೆ ಹೇಳಿ ಅವನನ್ನೂ ಕೇಳಲಿ. ವೈದ್ಯರೊಡನೆ ಮಾತನಾಡುವಾಗ ನಿಮ್ಮ ತಂಗಿಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಈ ಪ್ರಶ್ನೆಗಳನ್ನು ಅವರೇ ಕೇಳಲಿ. ಎರಡು ತಿಂಗಳ ಮಾತು ಮನೆಯಲ್ಲಿ ಮತ್ತೆ ಯಾರಾದರೂ ಎತ್ತಿದರೆ ಈ ಪುಟವನ್ನು ಅವರ ಕೈಗೆ ಕೊಡಿ.

— ಸಂಪಾದಕ