ಹೀಟರ್ ತಣ್ಣಗೆ ಊದಿದರೆ ಮೊದಲು ಕೂಲೆಂಟ್ ನೋಡಿ

ಈ ಚಳಿ ನಾಡಿಗೆ ಬಂದ ಮೇಲೆ ಇದು ನಿಮ್ಮ ಮೊದಲ ಚಳಿಗಾಲ, ಕೊಂಡಿರುವುದು ಹಳೆಯ ಪೆಟ್ರೋಲ್ ಕಾರು. ಗಾಡಿ ಓಡುವಾಗ ಬಿಸಿ ಗಾಳಿ ಬರುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ತಣ್ಣಗಾಗುತ್ತದೆ, ಹೀಟರ್ ಬದಲಿಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಇನ್ನೂ ಏನನ್ನೂ ಬದಲಿಸಬೇಡಿ. ಈ ಲಕ್ಷಣಕ್ಕೆ ಹೆಚ್ಚಾಗಿ ಕಾರಣ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಕಡಿಮೆಯಾಗಿರುವುದು. ಅದನ್ನು ಹಾಗೇ ಬಿಟ್ಟರೆ ಎಂಜಿನ್ನಿಗೇ ಅಪಾಯ.

ನಾನೂ ಇಲ್ಲಿಗೆ ಬರುವ ಮೊದಲು ಎಸಿ ಮಾತ್ರ ಕಂಡವನು. ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಒಳಗೆ ಕರೆಂಟಿನಲ್ಲಿ ಕಾಯುವ ಒಂದು ಕಾಯಿಲ್ ಇರುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಗಾಡಿ ಎಳೆಯಲು ಬಳಕೆಯಾಗುವುದಕ್ಕಿಂತ ಶಾಖವಾಗಿ ಹೋಗುವುದೇ ಜಾಸ್ತಿ. ಆ ಶಾಖದ ಒಂದು ಪಾಲನ್ನು ಎಂಜಿನ್ ಸುತ್ತ ಹರಿಯುವ ಕೂಲೆಂಟ್ ಹೊತ್ತುಕೊಳ್ಳುತ್ತದೆ. ಎಂಜಿನ್ ಕಾದ ಮೇಲೆ ಕೂಲೆಂಟ್ ಸುಮಾರು 90 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದರಲ್ಲಿ ಒಂದಿಷ್ಟು ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರ್‌ಗೆ ಬರುತ್ತದೆ. ಅದಕ್ಕೇ ಹೀಟರ್ ಕೋರ್ ಅನ್ನುವುದು. ಬ್ಲೋವರ್ ಫ್ಯಾನ್ ಅದರ ಮೂಲಕ ಗಾಳಿ ಊದುತ್ತದೆ, ನಿಮ್ಮ ಕೈ ಬೆಚ್ಚಗಾಗುತ್ತದೆ. ಹೀಟರ್ ಅಂದರೆ ಇಷ್ಟೇ.

ಹಾಗಾಗಿ ಗಾಡಿ ಸ್ಟಾರ್ಟ್ ಆದ ಕೂಡಲೇ ಬಿಸಿ ಬರಲು ಸಾಧ್ಯವಿಲ್ಲ. ನಿಲ್ಲಿಸಿಯೇ ಸುಮ್ನೆ ಎಂಜಿನ್ ಓಡಿಸುವುದಕ್ಕಿಂತ, ಗಾಜಿನ ಮೇಲಿನ ಹಿಮ ಪೂರ್ತಿ ಕೆರೆದು ನಿಧಾನವಾಗಿ ಹೊರಟರೆ ಬೇಗ ಕಾಯುತ್ತದೆ.

ಈಗ ನಿಮ್ಮ ಕಾರಿಗೆ ಬರೋಣ. ಎಂಜಿನ್ ನಿಧಾನವಾಗಿ ತಿರುಗುವಾಗ ಕೂಲೆಂಟ್ ತಳ್ಳುವ ವಾಟರ್ ಪಂಪ್ ಕೂಡ ನಿಧಾನ. ಕೂಲೆಂಟ್ ಕಡಿಮೆಯಿದ್ದರೆ, ಅಥವಾ ಒಳಗೆ ಗಾಳಿ ಸೇರಿದ್ದರೆ, ಹೀಟರ್ ಕೋರ್ ತನಕ ಅದು ತಲುಪುವುದಿಲ್ಲ. ವೇಗ ಹೆಚ್ಚಾದಾಗ ತಲುಪುತ್ತದೆ. ನೀವು ಹೇಳಿದ್ದೂ ಇದನ್ನೇ ಅಲ್ವಾ? ಎಂಜಿನ್ ಪೂರ್ತಿ ತಣ್ಣಗಿರುವಾಗ ಬಾನೆಟ್ ತೆಗೆದು, ಕೂಲೆಂಟ್ ಟ್ಯಾಂಕಿನ ಮೇಲಿನ ಎರಡು ಗೆರೆಗಳ ನಡುವೆ ಅದು ಇದೆಯಾ ನೋಡಿ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ. ಒಳಗೆ ಒತ್ತಡ ಇರುತ್ತದೆ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಕಡಿಮೆಯಿದ್ದರೆ ನಲ್ಲಿ ನೀರು ಸುರಿಯಬೇಡಿ. ಚಳಿಯಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ ಬ್ಲಾಕ್ ಬಿರುಕು ಬಿಡಬಹುದು. ಕೂಲೆಂಟಿನ ಮುಖ್ಯ ಅಂಶವಾದ ಎಥಿಲೀನ್ ಗ್ಲೈಕಾಲ್ ಮತ್ತು ನೀರು ಅರ್ಧಕ್ಕರ್ಧ ಬೆರೆತಾಗ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಗ್ಲೈಕಾಲ್ ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದು ಅಂತ ಅನ್ನಿಸಬಹುದು, ಆದರೆ ಅದನ್ನು ನೀರಿಲ್ಲದೆ ಹಾಕಿದರೆ ಮೈನಸ್ 13ರ ಹತ್ತಿರವೇ ಹೆಪ್ಪುಗಟ್ಟುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ, ಒಂದೇ ಬಣ್ಣದಲ್ಲಿ ಬೇರೆ ಬೇರೆ ಬಗೆಗಳಿವೆ. ಕಾರಿನ ಕೈಪಿಡಿಯಲ್ಲಿ ಹೇಳಿದ್ದನ್ನೇ ಹಾಕಿ, ಅದರಲ್ಲಿ ಹೇಳಿದ ಅವಧಿಗೆ ಬದಲಿಸಿ. ತುಕ್ಕು ತಡೆಯುವ ಅಂಶ ಕಾಲ ಕಳೆದಂತೆ ಸವೆಯುತ್ತದೆ, ಆಮೇಲೆ ತುಕ್ಕಿನ ಕಸವೇ ಹೀಟರ್ ಕೋರ್‌ನ ಸಣ್ಣ ನಾಳಗಳನ್ನು ಕಟ್ಟಿಬಿಡುತ್ತದೆ. ಇನ್ನೊಂದು ಮಾತು: ಕೂಲೆಂಟ್ ರುಚಿಗೆ ಸಿಹಿ, ಆದರೆ ವಿಷ. ನೆಲಕ್ಕೆ ಚೆಲ್ಲಿದರೆ ತಕ್ಷಣ ಒರೆಸಿ. ಮಕ್ಕಳು, ನಾಯಿ, ಬೆಕ್ಕು ಮುಟ್ಟಬಾರದು.

ನನ್ನ ಮೊದಲ ಚಳಿಗಾಲದಲ್ಲಿ ತೊಂದರೆ ಬೇರೆ ಇತ್ತು. ಹೆದ್ದಾರಿಯಲ್ಲಿ ಎಷ್ಟು ಓಡಿಸಿದರೂ ಉಗುರುಬೆಚ್ಚಗಿನ ಗಾಳಿ ಮಾತ್ರ. ಟೆಂಪರೇಚರ್ ಮುಳ್ಳು ಅರ್ಧಕ್ಕೂ ಏರುತ್ತಿರಲಿಲ್ಲ. ಒಂದು ಗ್ಯಾರೇಜ್‌ನವರು ಹೀಟರ್ ಕೋರ್ ಬದಲಿಸಬೇಕು ಅಂದರು. ಅದಕ್ಕೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕಿತ್ತು. ಇನ್ನೊಬ್ಬರು ಮುಳ್ಳು ನೋಡಿಯೇ ಥರ್ಮೋಸ್ಟಾಟ್ ತೆರೆದೇ ಉಳಿದಿದೆ ಅಂತ ಹೇಳಿದರು. ಎಂಜಿನ್ ಕಾಯುವ ತನಕ ಕೂಲೆಂಟನ್ನು ಮುಂದಿನ ದೊಡ್ಡ ರೇಡಿಯೇಟರ್‌ಗೆ ಬಿಡದ, ಅಂಗೈಯಲ್ಲಿ ಹಿಡಿಸುವ ಒಂದು ವಾಲ್ವ್ ಅದು. ಬದಲಿಸಿದ ಮೇಲೆ ಕಾರು ಬೆಚ್ಚಗಾಯಿತು. ಅವತ್ತಿನಿಂದ ನಾನು ಯಾರಿಗೆ ಹೇಳುವುದಾದರೂ ಕೂಲೆಂಟ್ ಜೊತೆ ಮುಳ್ಳನ್ನೂ ನೋಡಿ ಅನ್ನುತ್ತೇನೆ. ಮುಳ್ಳು ಸರಿಯಾಗಿ ಏರಿ, ಕೂಲೆಂಟ್ ತುಂಬಿದ್ದೂ ಗಾಳಿ ತಣ್ಣಗಿದ್ದರೆ ಮಾತ್ರ ಹೀಟರ್ ಕೋರ್ ಕಟ್ಟಿದೆಯಾ ಅಂತ ಅನುಮಾನಿಸಿ. ಕೋರ್ ಸೋರುತ್ತಿದ್ದರೆ ಒಳಗೆ ಸಿಹಿ ವಾಸನೆ ಬರುತ್ತದೆ, ಗಾಜಿನ ಮೇಲೆ ಜಿಡ್ಡು ಮಂಜು ಕೂರುತ್ತದೆ, ಕಾಲಡಿಯ ಕಾರ್ಪೆಟ್ ಒದ್ದೆಯಾಗುತ್ತದೆ.

ಗಾಜಿನಲ್ಲಿ ಬರೀ ಉಸಿರಿನ ಮಂಜು ಕಟ್ಟುತ್ತಿದ್ದರೆ ಹೀಟರ್ ಜೊತೆ ಎಸಿಯನ್ನೂ ಹಾಕಿ. ಎಸಿ ಗಾಳಿಯ ತೇವ ಹೀರುತ್ತದೆ. ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಆಫ್ ಇರಲಿ. ಗಾಳಿಯ ರಭಸವೇ ಕಡಿಮೆ ಅನ್ನಿಸಿದರೆ ಕಾರಿನೊಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಬದಲಿಸಿ, ಅದನ್ನು ನೀವೇ ಮಾಡಬಹುದು.

ಹಿಮ ಬಿದ್ದ ದಿನ ಎಂಜಿನ್ ಹಾಕುವ ಮುಂಚೆ ಹಿಂದಿನ ಹೊಗೆ ಕೊಳವೆಯ ಬಾಯಿಗೆ ಕಟ್ಟಿದ ಹಿಮ ತೆಗೆಯಿರಿ. ಅದು ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರಬಹುದು. ಅದಕ್ಕೆ ವಾಸನೆ ಇಲ್ಲ, ಹೀಟರ್ ಹಾಕಿಕೊಂಡು ನಿಂತ ಕಾರಿನಲ್ಲಿ ಮಲಗಿದವರು ಏಳದೇ ಹೋಗಿದ್ದಾರೆ. ಇದನ್ನು ಮನೆಯವರಿಗೂ ಹೇಳಿಡಿ.

ನಾಳೆ ಬೆಳಗ್ಗೆ ಟ್ಯಾಂಕ್ ನೋಡಿ, ಕಡಿಮೆಯಿದ್ದರೆ ತುಂಬಿಸಿ ಟೇಪಿನಿಂದ ಗುರುತು ಹಾಕಿ. ಒಂದು ವಾರದಲ್ಲಿ ಮತ್ತೆ ಇಳಿದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ, ಆಗ ಗ್ಯಾರೇಜ್‌ಗೆ ಹೋಗಲೇಬೇಕು. ಎಷ್ಟು ಇಳಿದಿದೆ ಅಂತ ನನಗೂ ಬರೆಯಿರಿ.